ಸ್ಟೂಲ್ ಕೇಳೋಕೆ ಯಾಕೆ ನಾಚಿಕೆ ಅಣ್ಣಾ?

ಈ ಸಲ ಡೊಂಬಿವಲಿಯಿಂದ ಬಂದ ಒಂದೇ ಪತ್ರಕ್ಕೆ ಪೂರ್ತಿ ಜಾಗ ಕೊಡ್ತಿದ್ದೇನೆ, ಉಳಿದವ್ರು ಬೇಜಾರು ಮಾಡ್ಕೋಬೇಡಿ. ಬರೆದವರು ಕುಂದಾಪುರ ಕಡೆಯವರು, ವಯಸ್ಸು 63, ಮುಂಬಯಿ ಮಾಟುಂಗದ ಹೋಟ್ಲುಗಳಲ್ಲಿ 40 ವರ್ಷ ಕಾವಲಿ ಮುಂದೆ ನಿಂತು ದೋಸೆ ಹೊಯ್ದವರು, ಹೆಸರು ಹಾಕ್ಬೇಡಿ ಅಂದಿದ್ದಾರೆ. ವಿಷ್ಯ ಇಷ್ಟು. ಸೊಂಟದ ಹತ್ರ ನರ ಹೋಗೋ ನಾಳ ಕಿರಿದಾಗಿದೆ, ಡಾಕ್ಟ್ರು ಲಂಬರ್ ಸ್ಟೆನೋಸಿಸ್ ಅಂದಿದ್ದಾರೆ. ಸ್ವಲ್ಪ ನಿಂತ್ರೆ, ನಡೆದ್ರೆ ಸಾಕು, ಎರಡೂ ಕಾಲಲ್ಲಿ ಸೆಳೆತ, ಉರಿ. ಹಾರ್ಟ್ ವೀಕ್ ಇರೋದ್ರಿಂದ ಆಪರೇಷನ್ ಬೇಡ ಅಂತಾಗಿದೆ. ವರ್ಷಗಟ್ಲೆ ನುಂಗಿದ ನೋವಿನ ಮಾತ್ರೆಯಿಂದ ಕಿಡ್ನಿಗೂ ಪೆಟ್ಟು ಬಿದ್ದಿದೆ, ಹಾಗಾಗಿ ಅದೂ ಬಂದ್. "ಕೂತ್ರೆ ಮಾತ್ರ ಆರಾಮ ಆಗ್ತದೆ, ಆದ್ರೆ ಕಂಡಕಂಡಲ್ಲಿ ಕೂತ್ಕೊಳ್ಳೋದು ನಾಚಿಕೆ. ನಿಮ್ಮ ಆರೋಗ್ಯ ಅಂಕಣದಲ್ಲಿ ಧ್ಯಾನದಿಂದ ನೋವು ಗೆಲ್ಲಬಹುದು ಅಂತ ಓದಿದೆ, ಮನಸ್ಸು ಗಟ್ಟಿ ಮಾಡ್ಕೊಳ್ಳೋದು ಹೇಗೆ ಹೇಳಿ" ಅಂತ ಕೇಳಿದ್ದಾರೆ.

ಅಣ್ಣಾ, ಧ್ಯಾನದ ಬಗ್ಗೆ ನನ್ನ ತಕರಾರಿಲ್ಲ. ತುಂಬಾ ದಿನದ ನೋವಿದ್ದವರಿಗೆ ಉಸಿರಿನ ಅಭ್ಯಾಸ, ಧ್ಯಾನ ಇದೆಲ್ಲ ಒಂದಷ್ಟು ಸಹಾಯ ಮಾಡ್ತದೆ ಅಂತ ಡಾಕ್ಟ್ರುಗಳೇ ಒಪ್ತಾರೆ, ನಿಮಗೆ ಹಿಡಿಸಿದ್ರೆ ಖಂಡಿತ ಮಾಡಿ. ಆದ್ರೆ ನಿಮ್ಮ ಪತ್ರದಲ್ಲಿ ಒಂದು ಸಾಲು ಉಂಟಲ್ಲ, ಕೂತ್ರೆ ಆರಾಮ ಆಗ್ತದೆ ಅಂತ, ನಿಮ್ಮ ಔಷಧಿ ಅಲ್ಲೇ ಇರೋದು ಮಾರಾಯ್ರೆ! ಅದನ್ನ ಬಿಟ್ಟು ಮನಸ್ಸು ಗಟ್ಟಿ ಮಾಡೋಕೆ ಹೊರಟಿದ್ದೀರಿ. 40 ವರ್ಷ ಕಾವಲಿ ಮುಂದೆ ನಿಂತವರ ಮನಸ್ಸು ಇನ್ನೂ ಎಷ್ಟು ಗಟ್ಟಿ ಆಗ್ಬೇಕು?

ಈ ಸ್ಟೆನೋಸಿಸ್ ಇದ್ದವರ ಗುರುತೇ ಅದು. ನೆಟ್ಟಗೆ ನಿಂತಾಗ ನಾಳ ಇನ್ನಷ್ಟು ಕಿರಿದಾಗಿ ನರ ಒತ್ತಿಹೋಗ್ತದೆ, ಮುಂದೆ ಬಗ್ಗಿದ್ರೆ, ಕೂತ್ರೆ ಜಾಗ ಸ್ವಲ್ಪ ಬಿಡ್ತದೆ. ಮಾಲ್‌ನಲ್ಲಿ ಟ್ರಾಲಿ ಮೇಲೆ ಮೊಣಕೈ ಊರಿ ಬಗ್ಗಿಕೊಂಡು ಆರಾಮಾಗಿ ಸುತ್ತೋ ಅಜ್ಜಂದ್ರು ಟ್ರಾಲಿ ಬಿಟ್ಟ ಕೂಡ್ಲೇ ಕಾಲು ಹಿಡ್ಕೊಳ್ತಾರೆ, ಡಾಕ್ಟ್ರುಗಳು ಇದನ್ನ ನೋಡಿಯೇ ಅರ್ಧ ರೋಗ ಗುರುತಿಸ್ತಾರೆ. ಸ್ಟೇಷನ್ ಬ್ರಿಜ್ ಹತ್ತೋದಕ್ಕಿಂತ ಇಳಿಯೋದು ಕಷ್ಟ ಅಂತ ಬರೆದಿದ್ದೀರಲ್ಲ, ಮನೆಯವ್ರು ನಾಟಕ ಅಂದ್ರು ಅಂತ, ಅದು ನಾಟಕ ಅಲ್ಲ, ಹತ್ತುವಾಗ ಮೈ ಮುಂದೆ ಬಾಗ್ತದೆ, ಇಳಿಯುವಾಗ ಹಿಂದಕ್ಕೆ. ಅಷ್ಟೇ ಲೆಕ್ಕ. ಅತ್ತಿಗೆಗೆ ಈ ಪುಟ ತೋರಿಸಿ.

ನಾಟಕ ಅನ್ನೋ ಮಾತಿಗೆ ಇನ್ನೊಂದು. ನೋವಿನ ಅಧ್ಯಯನಕ್ಕೇ ಅಂತ ಒಂದು ಅಂತರರಾಷ್ಟ್ರೀಯ ಸಂಘ ಉಂಟು, 1979ರಲ್ಲಿ ನೋವು ಅಂದ್ರೇನು ಅಂತ ವ್ಯಾಖ್ಯಾನ ಬರೆದವರು, 2020ರಲ್ಲಿ ಅದನ್ನ ತಿದ್ದಿದಾಗ ಜೊತೆಗೊಂದು ಟಿಪ್ಪಣಿ ಇಟ್ರು, ನನಗೆ ನೋವಾಗ್ತಿದೆ ಅಂತ ಮನುಷ್ಯ ಹೇಳಿದ್ರೆ ಅದಕ್ಕೆ ಗೌರವ ಕೊಡ್ಬೇಕು ಅಂತ. ನೋಡಿ, ದೊಡ್ಡ ದೊಡ್ಡ ವಿಜ್ಞಾನಿಗಳು ಕೂತು ಇದನ್ನ ಬರೀಬೇಕಾಯ್ತು.

ಈಗ ನಿಮ್ಮ ಕಿಡ್ನಿ ವಿಷ್ಯ. ನೀವು ನುಂಗಿದ್ದು ಡೈಕ್ಲೋಫೆನಾಕ್ ಅಂತ ಬರೆದಿದ್ದೀರಿ. ಮಲಬಾರ್ ಹಿಲ್‌ನ ಡೂಂಗರ್‌ವಾಡಿ ಗೊತ್ತಲ್ಲ, ಪಾರ್ಸಿಯವರು ಹೆಣ ಹದ್ದಿಗೆ ಬಿಡ್ತಿದ್ದ ಜಾಗ, ಅಲ್ಲಿ ಹದ್ದೇ ಇಲ್ದೆ ಹೆಣ ಒಣಗಿಸೋಕೆ ಸೋಲಾರ್ ಕನ್ನಡಿ ಹಾಕಿಸ್ಬೇಕಾಯ್ತು. ದೇಶದ ತುಂಬ ರಣಹದ್ದು ಸತ್ತಿದ್ದು ಇದೇ ಔಷಧಿಯಿಂದ, ದನಕ್ಕೆ ಕೊಟ್ಟಿದ್ರು, ಸತ್ತ ದನ ತಿಂದ ಹದ್ದುಗಳ ಕಿಡ್ನಿ ಫೇಲ್ ಆಯ್ತು, ಕೆಲವು ಜಾತಿಯಲ್ಲಿ ಶೇಕಡ 95ಕ್ಕಿಂತ ಹೆಚ್ಚು ಹೋದ್ವು. 2006ರಲ್ಲಿ ದನಕ್ಕೆ ಕೊಡೋದು ಬ್ಯಾನ್ ಆಯ್ತು. ಮನುಷ್ಯನ ಕಿಡ್ನಿ ಹದ್ದಿನಷ್ಟು ಸೂಕ್ಷ್ಮ ಅಲ್ಲ ನಿಜ, ಆದ್ರೆ ಚೀಟಿ ಇಲ್ದೆ ದಿನಾ ನುಂಗಿದ್ರೆ ಎಲ್ಲಿಗೆ ಬರ್ತದೆ ಅಂತ ನಿಮಗೇ ಗೊತ್ತಾಗಿದೆ. ಗಲ್ಲಾ ಡ್ರಾಯರ್‌ನಲ್ಲಿ ಚಿಲ್ಲರೆ ಜೊತೆ ಆ ಮಾತ್ರೆ ಸ್ಟ್ರಿಪ್ ಇಟ್ಟಿರ್ತಿದ್ದ ಹೋಟ್ಲುಗಳನ್ನ ನಾನೂ ಕಂಡಿದ್ದೇನೆ. ಭಟ್ರಿಗೆ ಸೊಂಟ ನೋವಾ, ತಗೊಳ್ಳಿ ಒಂದು. ಸಪ್ಲೈಯರ್ ಹುಡ್ಗನಿಗೆ ಕಾಲು ನೋವಾ, ತಗೋ ಒಂದು. ಸ್ಟೂಲ್ ಕೊಡ್ಬೇಕಾದಲ್ಲಿ ಮಾತ್ರೆ ಕೊಟ್ರು! ನಿಂತಿದ್ದರಿಂದಲೇ ನಿಮ್ಮ ನಾಳ ಕಿರಿದಾಯ್ತು ಅಂತ ನಾನು ಹೇಳೋದಲ್ಲ, ವಯಸ್ಸಾದ ಹಾಗೆ ಎಲುಬು, ಲಿಗಮೆಂಟ್ ದಪ್ಪ ಆಗಿ ಅದು ಬರ್ತದೆ. ಆದ್ರೆ ಮಾತ್ರೆ ಅಭ್ಯಾಸ ಆಗಿದ್ದು ಮಾತ್ರ ನಿಂತೇ ಇರ್ಬೇಕು ಅನ್ನೋ ಕಾರಣಕ್ಕೇ.

ಮಾಟುಂಗದ ಒಂದು ಹಳೇ ಹೋಟ್ಲಲ್ಲಿ ದೋಸೆ ಭಟ್ರೊಬ್ರು ಇದ್ರು. ಖಾಲಿ ಎಣ್ಣೆ ಡಬ್ಬ ಬೋರಲು ಹಾಕಿ ಒಂದು ಕಾಲು ಅದ್ರ ಮೇಲೆ, ಸ್ವಲ್ಪ ಹೊತ್ತು ಎಡಗಾಲು, ಆಮೇಲೆ ಬಲಗಾಲು, ಕೈ ಮಾತ್ರ ನಿಲ್ತಿರ್ಲಿಲ್ಲ, ನೀರು ಚಿಮುಕಿಸೋದು, ಹಿಟ್ಟು ಹರಡೋದು, ಮಗುಚೋದು. ಸೊಂಟಕ್ಕೆ ಅದ್ರಿಂದ ನಿಜವಾಗ್ಲೂ ಹಗುರ ಆಗ್ತದೆ. ಧಣಿ ಒಳಗೆ ಬಂದ ಸದ್ದು ಕೇಳಿದ್ರೆ ಹೆಬ್ಬೆರಳಲ್ಲೇ ಡಬ್ಬವನ್ನ ಕಟ್ಟೆ ಅಡಿಗೆ ತಳ್ಳಿಬಿಡೋರು. ಕದ್ದದ್ದೇನು? ಒಂದು ಕಾಲಿಗೆ ಒಂದು ನಿಮಿಷದ ವಿಶ್ರಾಂತಿ. ಇದನ್ನ ನಾನು ಎಷ್ಟು ಕಡೆ ಹೇಳಿದ್ದೇನೋ, ನಮ್ಮ ಹೋಟ್ಲು ಸಾಹಸದ ಕಥೆ ಭಾಷಣಗಳಲ್ಲಿ ಈ ಡಬ್ಬ ಒಮ್ಮೆಯೂ ಬರೋದಿಲ್ಲ. ಹಗಲು ಟೇಬಲ್ ಒರೆಸಿ ರಾತ್ರಿ ಶಾಲೆಗೆ ಹೋದವರ ಕಥೆ ಬರ್ತದೆ, ಚಪ್ಪಾಳೆ ಬೀಳ್ತದೆ. ಅವರ ಸೊಂಟ ಯಾರಿಗೂ ಬೇಡ.

ಇದು ಸಣ್ಣ ವಿಷ್ಯ ಅಂತ ನಗ್ಬೇಡಿ. 1948ರ ಫ್ಯಾಕ್ಟರಿ ಕಾಯಿದೆಯ 44ನೇ ಸೆಕ್ಷನ್‌ನಲ್ಲೇ, ನಿಂತು ಕೆಲಸ ಮಾಡೋರಿಗೆ ಸಮಯ ಸಿಕ್ಕಾಗ ಕೂರೋಕೆ ವ್ಯವಸ್ಥೆ ಇರ್ಬೇಕು ಅಂತ ಬರೆದಿದ್ರು. ಅಂಗಡಿ ಕೆಲಸದವರಿಗೆ ಆ ಹಕ್ಕು ಬರೋಕೆ ಕೋಳಿಕ್ಕೋಡಿನ ಸೇಲ್ಸ್ ಹೆಣ್ಣುಮಕ್ಕಳು ಬೀದಿಗಿಳೀಬೇಕಾಯ್ತು. ಟೈಲರ್ ಆಗಿದ್ದ ಪಿ. ವಿಜಿ ಅನ್ನೋ ಹೆಣ್ಣುಮಗಳು ಅವರನ್ನೆಲ್ಲ ಒಟ್ಟುಗೂಡಿಸಿದ್ರು, 2018ರಲ್ಲಿ ಕೇರಳ ಕಾನೂನು ತಂತು, 2021ರಲ್ಲಿ ತಮಿಳುನಾಡೂ ತಂತು. ಅವರು ಯಾರೂ ಮನಸ್ಸು ಗಟ್ಟಿ ಮಾಡ್ಕೊಳ್ಳೋದು ಹೇಗೆ ಅಂತ ಕೇಳ್ಲಿಲ್ಲ, ಸ್ಟೂಲ್ ಕೇಳಿದ್ರು. ಇಲ್ಲಿ ನಮ್ಮ ಮುಂಬಯಿಯಲ್ಲಿ ನೋಡಿ, ಕಾಲು ನೋಯ್ತದೆ ಅಂತ ಅಂಗಡಿ ಮೆಟ್ಟಿಲ ಮೇಲೆ ಕೂರೋಣ ಅಂದ್ರೆ ಕಬ್ಬಿಣದ ಮೊಳೆ ಹೊಡೆದಿಟ್ಟಿರ್ತಾರೆ. ಲೋಕಲ್‌ನಲ್ಲಿ ಅಂಗವಿಕಲರ ಡಬ್ಬಿ ಉಂಟು, 2016ರ ಕಾಯಿದೆಯಲ್ಲಿ 21 ಬಗೆ ಅಂಗವೈಕಲ್ಯದ ಪಟ್ಟಿಯೂ ಉಂಟು, ಆದ್ರೆ ದೀರ್ಘಕಾಲದ ನೋವು ಅಂತ ಅದ್ರಲ್ಲಿ ಇಲ್ಲ. ನೀವು ಹತ್ತಿದ್ರೆ ಕೈಕಾಲು ನೆಟ್ಟಗುಂಟಲ್ಲ, ಇಳಿ ಅಂತಾರೆ. ಅದಕ್ಕಿಂತ ಮೂರು ಜನರ ಸೀಟಲ್ಲಿ ನಾಲ್ಕನೆಯವ್ರು ಒತ್ತಿ ಕೂರೋ ನಮ್ಮ ಫೋರ್ತ್ ಸೀಟ್ ವಾಸಿ, ಜರಾ ಸರ್ಕೋ ಅಂದ್ರೆ ಸರೀತಾರೆ, ಕಾರಣ ಕೇಳೋದಿಲ್ಲ, ಸರ್ಟಿಫಿಕೇಟೂ ಬೇಡ.

ಹಾಗಾಗಿ ಅಣ್ಣಾ, ಕೇಳಿ. ಬಾಯಿ ಬಿಟ್ಟು ಕೇಳಿ. ಮಡಚೋ ಸ್ಟೂಲ್ ಒಂದು ತಗೊಂಡು ಕೈಲಿ ಇಟ್ಕೊಳ್ಳಿ, ನೋವು ಜೋರಾದ ಮೇಲೆ ಕೂರೋದಲ್ಲ, ಶುರು ಆಗೋ ಮುಂಚೆ ಕೂರಿ, ಮತ್ತೆ ನಡೀರಿ, ಮತ್ತೆ ಕೂರಿ. ನಡೆಯೋದೇ ಬಿಟ್ರೆ ಕಾಲಿನ ಶಕ್ತಿ ಹೋಗ್ತದೆ. ಮುಂದೆ ಬಾಗಿಸೋ ವ್ಯಾಯಾಮ ಫಿಸಿಯೋ ಹತ್ರ ಕಲೀರಿ, ಒಂದೇ ಕಡೆ ಕೂತು ತುಳಿಯೋ ಸೈಕಲ್ ಇಂಥವರಿಗೆ ಸಾಮಾನ್ಯವಾಗಿ ಹಿಡಿಸ್ತದೆ, ಹಾರ್ಟ್ ಡಾಕ್ಟ್ರನ್ನ ಕೇಳಿ ಶುರು ಮಾಡಿ. ನರದ ಉರಿಗೆ ಕೊಡೋ ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್ ಕಿಡ್ನಿಯಿಂದಲೇ ಹೊರಗೆ ಹೋಗೋವು, ಪಕ್ಕದ ಮನೆಯವರ ಡೋಸ್ ನಿಮಗೆ ಆಗೋದಿಲ್ಲ, ಕಿಡ್ನಿ ಡಾಕ್ಟ್ರೇ ಬರ್ಕೊಡ್ಲಿ. ಟ್ರಾಮಡಾಲ್ ಅನ್ನೋ ಜೋರು ನೋವಿನ ಮಾತ್ರೆ ಕೊಡ್ಲಿಲ್ಲ ಅಂತ ಕೆಮಿಸ್ಟ್ ಮೇಲೆ ಸಿಟ್ಟಾಗಿದ್ದೀರಿ, 2018ರಿಂದ ಅದು ಮಾದಕವಸ್ತು ಕಾಯಿದೆ ಅಡಿಗೆ ಬಂದಿದೆ, ಚಟದವರು ಮಾಡಿದ್ದಕ್ಕೆ ನೋವಿದ್ದವರು ಅಲೀಬೇಕು, ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ. ಒಂದು ಮಾತ್ರ ಮರೀಬೇಡಿ, ಮೂತ್ರ ನಿಂತುಹೋದ್ರೆ ಅಥವಾ ತಡ್ಕೊಳ್ಳೋಕೆ ಆಗದಿದ್ರೆ, ತೊಡೆಸಂದಿ ಮರಗಟ್ಟಿದ್ರೆ, ಕಾಲಿನ ಶಕ್ತಿ ಏಕಾಏಕಿ ಬಿದ್ದುಹೋದ್ರೆ ಆವತ್ತೇ ಆಸ್ಪತ್ರೆಗೆ ಓಡಿ, ಪತ್ರಿಕೆಗೆ ಬರೀತಾ ಕೂರ್ಬೇಡಿ.

ಕೊನೇಲಿ, ಊರಲ್ಲಿ ತಂಗಿ ಮಗಳ ಮದುವೆ, ಹೋಗ್ಲಾ ಬೇಡ್ವಾ ಅಂತ ಕೇಳಿದ್ದೀರಿ. ಹೋಗದೆ ಮತ್ತೆ? ಮತ್ಸ್ಯಗಂಧ ರೈಲಲ್ಲಿ 60 ದಾಟಿದ ಗಂಡಸರಿಗೆ ಲೋವರ್ ಬರ್ತ್ ಕೋಟಾ ಉಂಟು, ಬುಕ್ ಮಾಡುವಾಗ್ಲೇ ಹಾಕ್ಸಿ, ಠಾಣೆಯಲ್ಲಿ ಹತ್ತಿ. ಭಾವನಿಗೆ ಈಗ್ಲೇ ಫೋನ್ ಮಾಡಿ ಊಟ ಪಂಕ್ತಿಯಾ ಬಫೆಯಾ ಕೇಳಿ. ಈ ಬಫೆ ಬಗ್ಗೆ ನಾನು ಬರೆಯೋಕೆ ಶುರು ಮಾಡಿದ್ರೆ ಇನ್ನೆರಡು ಪುಟ ಬೇಕು, ತಟ್ಟೆ ಹಿಡ್ಕೊಂಡು ಕ್ಯೂ ನಿಂತು, ನಿಂತೇ ಉಣ್ಣೋ ಕರ್ಮ ನಮ್ಮವ್ರಿಗೆ ಯಾರು ಕಲಿಸಿದ್ರೋ. ಬಫೆ ಅಂದ್ರೆ ನೀವು ಫ್ಯಾನ್ ಕೆಳಗೆ ಕುರ್ಚಿ ಹಿಡೀರಿ, ಬಡಿಸ್ಕೊಂಡು ಬರೋಕೆ ಮದುಮಗನ ತಮ್ಮನಿಗೇ ಹೇಳಿ.