ಮುಳ್ಳಿಲ್ಲದ ಮರಕ್ಕೆ ಮುಳ್ಳಿನ ಹೆಸರು

ಪ್ರಶ್ನೆ: ನಮ್ಮದು ಸಾಗರದ ಹತ್ತಿರದ ಹಳ್ಳಿ. ಮನೆ ಹಿಂದಿನ ಗುಡ್ಡದ ತುಂಬ ಅಕೇಶಿಯಾ. ನಾವು ಓದುವಾಗ ಜಾಲಿ, ಸೀಗೆ ಕೂಡ ಅಕೇಶಿಯಾ ಕುಲವೇ ಆಗಿದ್ದವು. ಈಗ ಮಗಳ ಪುಸ್ತಕದಲ್ಲಿ ಜಾಲಿ ‘ವ್ಯಾಚೆಲಿಯಾ’, ಸೀಗೆ ‘ಸೆನೆಗಾಲಿಯಾ’. ಗುಡ್ಡದ ಮರದ ಹೆಸರು ಮಾತ್ರ ಹಾಗೇ ಇದೆ. ಯಾಕೆ? ಇವೆಲ್ಲ ಅವರೆ, ತೊಗರಿಯ ಕುಟುಂಬವೇ ಅನ್ನೋದಾದರೂ ನಿಜವಾ?

ಉತ್ತರ: ನಿಜ. ಹೂವು ನೋಡಿದರೆ ನಂಬಿಕೆ ಬರುವುದಿಲ್ಲ, ಅಲ್ವಾ? ಅವರೆ ಹೂವಿನ ಚಿಟ್ಟೆಯಂಥ ಆಕಾರ ಇವಕ್ಕಿಲ್ಲ. ಆದರೆ ಕಾಯಿ ನೋಡಿ. ಮಣಿ ಪೋಣಿಸಿದಂಥ ಜಾಲಿಕಾಯಿ, ಸೀಗೆಕಾಯಿ, ಕಿವಿಯಂತೆ ಸುರುಳಿ ಸುತ್ತಿದ ಅಕೇಶಿಯಾ ಕಾಯಿ, ಎಲ್ಲವೂ ಬೀಜ ಸಾಲಾಗಿ ಕೂತ ಕೋಡುಗಳೇ. ಇವಕ್ಕೂ ಮುಟ್ಟಿದರೆ ಮುನಿಗೂ ಮೊದಲು ಬೇರೆಯೇ ಉಪಕುಟುಂಬ ಇತ್ತು. 2017ರಲ್ಲಿ ಅದನ್ನು ತಂಗಡಿ, ಗುಲ್‌ಮೊಹರ್‌ಗಳ ಉಪಕುಟುಂಬದೊಳಗೆ ಸೇರಿಸಿದರು.

ಹೆಸರಿನ ಕಥೆ ಇದಕ್ಕಿಂತ ರಗಳೆಯದು. ಡಿಎನ್‌ಎ ಹೋಲಿಸಿ ನೋಡಿದಾಗ ಹಳೆಯ ಅಕೇಶಿಯಾ ಒಂದೇ ವಂಶವಲ್ಲ ಎಂದು ತಿಳಿಯಿತು. ನಿಮ್ಮ ಗುಡ್ಡದ ಮರ ಆಸ್ಟ್ರೇಲಿಯಾ, ನ್ಯೂಗಿನಿ ಕಡೆಯದು. ಅದಕ್ಕೆ ಜಾಲಿಗಿಂತ ಬಾಗೆ ಮರವೇ ಹತ್ತಿರದ ನೆಂಟ! ಹಾಗಾಗಿ ಕುಲ ಒಡೆಯಲೇಬೇಕಾಯಿತು.

ಕುಲ ಒಡೆದಾಗ ಹಳೆಯ ಹೆಸರು ಯಾರಿಗೆ? ಆ ಕುಲಕ್ಕೆ ಮಾದರಿ ಅಂತ ಗುರುತಿಸಿದ ಪ್ರಭೇದ ಇರುವ ಪಾಲಿಗೆ. ಇಲ್ಲಿ ಆ ಮಾದರಿ ನಮ್ಮ ಕರಿಜಾಲಿ. ಹಳೆಯ ಗ್ರೀಕರು ಈಜಿಪ್ಟಿನ ಮುಳ್ಳಿನ ಮರವನ್ನು ಕರೆಯುತ್ತಿದ್ದ ಹೆಸರೇ ‘ಅಕೇಶಿಯಾ’ ಪದದ ಮೂಲ. ಆದರೆ ಆಸ್ಟ್ರೇಲಿಯಾ ಗುಂಪಿನಲ್ಲಿ ಸುಮಾರು 1000 ಪ್ರಭೇದಗಳಿವೆ, ಜಾಲಿ ಗುಂಪಿನಲ್ಲಿ 160ರ ಆಸುಪಾಸು. ಜಾಸ್ತಿ ಹೆಸರು ಬದಲಾಗದಿರಲಿ ಎಂದು ಮಾದರಿಯನ್ನೇ ಬದಲಿಸಿ ಆಸ್ಟ್ರೇಲಿಯಾ ಗುಂಪಿನ ಪ್ರಭೇದವೊಂದನ್ನು ಇಡಲು ಹೊರಟರು. 2005ರಲ್ಲಿ ವಿಯೆನ್ನಾದ ಸಸ್ಯವಿಜ್ಞಾನ ಸಮ್ಮೇಳನದಲ್ಲಿ ಅರ್ಧಕ್ಕಿಂತ ಹೆಚ್ಚು ಮತ ಇದರ ವಿರುದ್ಧವೇ ಬಿತ್ತು. ತಳ್ಳಿಹಾಕಲು ಶೇ 60 ಬೇಕಿತ್ತು, ಅಷ್ಟು ಸಿಗಲಿಲ್ಲ, ಬದಲಾವಣೆ ಉಳಿಯಿತು. ತಮ್ಮ ಮುಳ್ಳಿನ ಮರಗಳ ಹೆಸರು ಹೋಯಿತೆಂದು ಆಫ್ರಿಕಾದವರು ಸಿಟ್ಟಾದರು. 2011ರ ಮೆಲ್ಬರ್ನ್ ಸಮ್ಮೇಳನದಲ್ಲೂ ಅದೇ ಉಳಿಯಿತು. ಲೆಕ್ಕಕ್ಕೆ ಅನುಕೂಲ ನಿಜ, ಆದರೆ ಮುಳ್ಳಿನ ಹೆಸರು ಮುಳ್ಳಿಲ್ಲದ ಮರಕ್ಕೆ ಹೋಗಿದ್ದು ನನಗಂತೂ ಇವತ್ತಿಗೂ ಸರಿ ಕಾಣುವುದಿಲ್ಲ.

ಮಗಳಿಗೆ ಗಿಡದಲ್ಲೇ ತೋರಿಸಿ. ಎಲೆಯ ಬುಡದಲ್ಲಿ ನೆಟ್ಟಗಿನ ಜೋಡಿ ಮುಳ್ಳಿದ್ದರೆ ಜಾಲಿ. ಕಾಂಡದ ಮೇಲೆಲ್ಲ ಚೆದುರಿದ ಕೊಕ್ಕೆಮುಳ್ಳು, ಬಟ್ಟೆ ಹಿಡಿದರೆ ಬಿಡುವುದಿಲ್ಲ, ಅದು ಸೀಗೆ. ಗುಡ್ಡದ ಅಕೇಶಿಯಾದ ಎಲೆ ಮಾತ್ರ ಎಲೆಯೇ ಅಲ್ಲ, ಚಪ್ಪಟೆಯಾದ ತೊಟ್ಟು. ಮರದ ಕೆಳಗೆ ಈಗಷ್ಟೇ ಹುಟ್ಟಿದ ಸಸಿ ಹುಡುಕಿ. ಮೊದಲ ಒಂದೆರಡು ಎಲೆಗಳು ಜಾಲಿಯದರಂತೆ ಗರಿಗರಿಯಾಗಿರುತ್ತವೆ.

ಅಂದಹಾಗೆ, ಬಳ್ಳಾರಿ ಜಾಲಿ ಈ ಜಗಳದಲ್ಲಿ ಇರಲೇ ಇಲ್ಲ. ಅದು ಬನ್ನಿಯ ಪ್ರೊಸೋಪಿಸ್ ಕುಲದಲ್ಲಿತ್ತು. 2022ರಲ್ಲಿ ಆ ಕುಲವೂ ಒಡೆದು ಬಳ್ಳಾರಿ ಜಾಲಿ ‘ನೆಲ್ಟುಮಾ’ ಆಯಿತು. ಅಲ್ಲಿ ಹಳೆಯ ಹೆಸರು ಬನ್ನಿಗೇ ಉಳಿಯಿತು.