ನಾಲ್ಕಕ್ಕೇ ಕತ್ತಲಾದರೆ ಏನು ಮಾಡೋದು?

ಜರ್ಮನಿಯ ಹ್ಯಾಂಬರ್ಗಿನಿಂದ ಬಂದ ನಿಮ್ಮ ಪತ್ರ ಓದಿದೆ. ಹೆಸರು ಹಾಕಬೇಡಿ ಅಂದಿದ್ದೀರಿ, ಹಾಕಿಲ್ಲ. ಬೇರೆ ಓದುಗರಿಗೂ ವಿಷಯ ಗೊತ್ತಾಗಲಿ ಅಂತ ಚಿಕ್ಕದಾಗಿ ಹೇಳಿಬಿಡುತ್ತೇನೆ. ನೀವು ಹಾಸನದ ಕಡೆಯವರು, ಮದುವೆಯಾಗಿ ಅಲ್ಲಿಗೆ ಹೋದವರು. ನವೆಂಬರ್ ಬಂತೆಂದರೆ ಸಂಜೆ ನಾಲ್ಕಕ್ಕೇ ಕತ್ತಲು. ಮಗಳನ್ನು ಶಿಶುವಿಹಾರದಿಂದ ಕರೆತಂದ ಮೇಲೆ, ಯಜಮಾನರು ಬರುವವರೆಗೆ ಮಾತಾಡೋಕೆ ಒಂದು ಜೀವ ಇಲ್ಲ. ಪಕ್ಕದ ಮನೆಯವರದು ಮೆಟ್ಟಿಲ ಮೇಲೆ ಒಂದು ಹಲೋ, ಅಷ್ಟೇ. ಕನ್ನಡದವರು ರಾಜ್ಯೋತ್ಸವಕ್ಕೆ ಸೇರುತ್ತಾರೆ, ಆಮೇಲೆ ಯುಗಾದಿಗೇ. "ಸಂಕ್ರಾಂತಿಗೆ ಊರಿಗೆ ಬರುತ್ತೇವೆ, ಅಲ್ಲಿಯವರೆಗೆ ಹಲ್ಲು ಕಚ್ಚಿಕೊಂಡು ದಿನ ದೂಡುವುದು" ಅಂತ ಪತ್ರ ಮುಗಿಸಿದ್ದೀರಿ.

ಆ ಕೊನೆಯ ಮಾತಿಗೆ ನನ್ನ ತಕರಾರಿದೆ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲು ಮೈಯ ವಿಷಯ. "ಸೋಮಾರಿಯಾಗಿಬಿಟ್ಟಿದ್ದೇನೆ" ಅಂದಿದ್ದೀರಲ್ಲ, ಅದು ಸೋಮಾರಿತನ ಅಲ್ಲದೇ ಇರಬಹುದು. ಡಿಸೆಂಬರ್ ಕೊನೆಯ ಹೊತ್ತಿಗೆ ನಿಮ್ಮ ಊರಿನ ಹಗಲು ಸುಮಾರು ಏಳೂವರೆ ಗಂಟೆ. ಹಾಸನದಲ್ಲಿ ಅದೇ ದಿನ ಹನ್ನೊಂದು ಗಂಟೆಗೂ ಜಾಸ್ತಿ. ಬೆಳಕು ಕಡಿಮೆಯಾದಾಗ ಕೆಲವರಿಗೆ ನಿದ್ದೆ, ಹಸಿವು, ಮನಸ್ಸು ಎಲ್ಲ ಏರುಪೇರಾಗುತ್ತದೆ. ಮನೋವೈದ್ಯ ನಾರ್ಮನ್ ರೋಸೆಂತಾಲ್ ಮತ್ತು ಅವರ ಜೊತೆಗಾರರು 1984ರಲ್ಲೇ ಇದನ್ನು ಕಾಯಿಲೆ ಅಂತ ಗುರುತಿಸಿ ಬರೆದರು. ಮೋಡ ಕವಿದಿದ್ದರೂ ಮಧ್ಯಾಹ್ನದ ಹೊರಗಿನ ಬೆಳಕು ಮನೆಯೊಳಗಿನ ದೀಪಕ್ಕಿಂತ ಎಷ್ಟೋ ಪಾಲು ಜಾಸ್ತಿ. ಹಾಗಾಗಿ ಅಡುಗೆ ಅರ್ಧಕ್ಕೆ ಬಿಟ್ಟಾದರೂ ಹಗಲಿರುವಾಗ ಹೊರಗೆ ಹೋಗಿ. ಎರಡು ವಾರವಾದರೂ ಮನಸ್ಸು ಏಳುತ್ತಲೇ ಇಲ್ಲ ಅಂದರೆ ಡಾಕ್ಟರ ಹತ್ತಿರ ಹೋಗಿ, ಸುಮ್ನೆ ಸಹಿಸಿಕೊಂಡು ಕೂರಬೇಡಿ.

ಈಗ ನಿಮ್ಮ ಊರಿನದೇ ಒಂದು ಕಥೆ. ಹ್ಯಾಂಬರ್ಗಿನ ಹೋರ್ನ್ ಕಡೆ ರೌಹೆಸ್ ಹೌಸ್ ಅಂತ ಒಂದು ಸಂಸ್ಥೆ ಇದೆ. ಯೋಹಾನ್ ಹಿನ್ರಿಷ್ ವಿಖರ್ನ್ ಎಂಬ ಕ್ರೈಸ್ತ ಧರ್ಮಶಾಸ್ತ್ರಜ್ಞ 1833ರಲ್ಲಿ ಬಡ, ದಿಕ್ಕಿಲ್ಲದ ಮಕ್ಕಳಿಗಾಗಿ ಶುರು ಮಾಡಿದ್ದು. ಕ್ರಿಸ್‌ಮಸ್ ಯಾವಾಗ, ಯಾವಾಗ ಅಂತ ಮಕ್ಕಳು ದಿನಾ ಪ್ರಾಣ ತಿನ್ನುತ್ತಿದ್ದರಂತೆ. 1839ರಲ್ಲಿ ಆತ ಒಂದು ಗಾಡಿಚಕ್ರ ತಂದು ಅದರ ಮೇಲೆ ಮೇಣದಬತ್ತಿ ನಿಲ್ಲಿಸಿದರು. ವಾರದ ದಿನಕ್ಕೆ ಚಿಕ್ಕ ಕೆಂಪು ಬತ್ತಿ, ಭಾನುವಾರಕ್ಕೆ ದೊಡ್ಡ ಬಿಳಿ ಬತ್ತಿ. ದಿನಕ್ಕೊಂದು ಹೆಚ್ಚಿಗೆ ಹಚ್ಚುತ್ತಾ ಹೋಗುವುದು. ಈಗ ಜರ್ಮನಿಯ ಮನೆಮನೆಯಲ್ಲಿ ಅಡ್ವೆಂಟ್‌ಗೆ, ಅಂದರೆ ಕ್ರಿಸ್‌ಮಸ್‌ಗೆ ಮೊದಲಿನ ನಾಲ್ಕು ಭಾನುವಾರಗಳ ಕಾಲಕ್ಕೆ, ನಾಲ್ಕು ಬತ್ತಿಯ ಹಾರ ಇಡುತ್ತಾರಲ್ಲ, ಅದು ಬಂದಿದ್ದು ಆ ಚಕ್ರದಿಂದ. ನನಗೆ ಇದರಲ್ಲಿ ಹಿಡಿಸಿದ್ದು ಏನು ಅಂದರೆ, ಆತ ಮಕ್ಕಳಿಗೆ ತಾಳ್ಮೆಯ ಬಗ್ಗೆ ಭಾಷಣ ಮಾಡಲಿಲ್ಲ. ಇವತ್ತು ಸಂಜೆ ಮಾಡೋಕೆ ಒಂದು ಕೆಲಸ ಕೊಟ್ಟರು, ಅದನ್ನೂ ಎಲ್ಲರೂ ಒಟ್ಟಿಗೆ ಮಾಡುವ ಕೆಲಸ.

ನೀವು ಸಂಕ್ರಾಂತಿಯೊಂದನ್ನೇ ನೋಡುತ್ತಾ ಕೂತಿದ್ದೀರಿ. ಮಧ್ಯದ ಸಂಜೆಗಳೆಲ್ಲ ಖಾಲಿ. ತೊಂದರೆ ಇರುವುದು ಅಲ್ಲೇ ಅನ್ನಿಸುತ್ತದೆ.

ಅದಕ್ಕೆ ನನ್ನ ಸಲಹೆ: ನಿಮ್ಮ ಬಡಾವಣೆಯಲ್ಲಿ "ಲೆಬೆಂಡಿಗರ್ ಅಡ್ವೆಂಟ್ಸ್‌ಕಲೆಂಡರ್", ಅಂದರೆ ಜೀವಂತ ಅಡ್ವೆಂಟ್ ಕ್ಯಾಲೆಂಡರ್, ನಡೆಯುತ್ತದಾ ಅಂತ ವಿಚಾರಿಸಿ. ಹತ್ತಿರದ ಚರ್ಚಿನ ನೋಟಿಸ್ ಬೋರ್ಡಿನಲ್ಲೋ ಶಿಶುವಿಹಾರದಲ್ಲೋ ಗೊತ್ತಾಗುತ್ತದೆ. ಡಿಸೆಂಬರ್ 1ರಿಂದ 24ರವರೆಗೆ ಒಂದೊಂದು ಸಂಜೆ ಒಂದೊಂದು ಮನೆಯ ಕಿಟಕಿಗೆ ಅಲಂಕಾರ, ದೀಪ. ಜನ ಹೊರಗೇ ನಿಂತು ಎರಡು ಹಾಡು ಹೇಳಿ, ಬಿಸಿಬಿಸಿ ಏನಾದರೂ ಕುಡಿದು, ಅರ್ಧ ಗಂಟೆಯಲ್ಲಿ ಚದುರುತ್ತಾರೆ. ಮನೆಯೊಳಗೆ ಕರೆಯಬೇಕಿಲ್ಲ, ಸೋಫಾ ಜೋಡಿಸಬೇಕಿಲ್ಲ, ಕಪ್ಪನ್ನೂ ಎಷ್ಟೋ ಕಡೆ ಅವರೇ ತರುತ್ತಾರೆ. ಮನೆಗೆ ಬನ್ನಿ ಅಂದರೆ ಹಿಂದೆಮುಂದೆ ನೋಡುವವರೂ ಇದಕ್ಕೆ ಬರುತ್ತಾರೆ, ಯಾಕಂದರೆ ದಿನ ಗೊತ್ತು, ಹೊತ್ತು ಗೊತ್ತು, ಎಷ್ಟು ಹೊತ್ತಿಗೆ ಮುಗಿಯುತ್ತೆ ಅಂತಲೂ ಗೊತ್ತು. ಸುಮ್ನೆ ನೋಡೋಕೆ ಹೋಗಬೇಡಿ, ಒಂದು ತಾರೀಖು ನೀವೇ ತಗೊಳ್ಳಿ. ಮಗಳ ಕೈಲಿ ಕಿಟಕಿಗೆ ಕಾಗದದ ರಂಗೋಲಿ ಕತ್ತರಿಸಿ ಅಂಟಿಸಿ. ಕೊತ್ತಂಬರಿ, ಜೀರಿಗೆ, ಶುಂಠಿ ಹಾಕಿ ಹಾಲಿನ ಕಷಾಯ ಮಾಡಿ. ಇದು ಏನು ಅಂತ ಅವರು ಕೇಳೇ ಕೇಳುತ್ತಾರೆ, ಮಾತು ಶುರುವಾಗೋಕೆ ಅಷ್ಟು ಸಾಕು. ನಿಮ್ಮಲ್ಲಿ ಅದು ನಡೆಯುತ್ತಿಲ್ಲವಾ? ಶಿಶುವಿಹಾರದ ನಾಲ್ಕು ಮನೆಯವರನ್ನು ಕೇಳಿ, ನಾಲ್ಕು ಭಾನುವಾರಕ್ಕೆ ನಾಲ್ಕು ಕಿಟಕಿ ಆಯಿತು. ಮಕ್ಕಳ ಲಾಟೀನು ಮೆರವಣಿಗೆಯಲ್ಲಿ ನೀವು ಎಲ್ಲರಿಗಿಂತ ಹಿಂದೆ ಮೊಬೈಲ್ ನೋಡುತ್ತಾ ನಡೆದೆ ಅಂತ ಬರೆದಿದ್ದೀರಲ್ಲ, ನಿಮ್ಮ ಮುಂದೆ ನಡೆಯುತ್ತಿದ್ದ ಅಪ್ಪ ಅಮ್ಮಂದಿರೇ ನೀವು ಮೊದಲು ಕೇಳಬೇಕಾದವರು.

"ಅದು ಅವರ ಹಬ್ಬ, ನಮಗ್ಯಾಕೆ" ಅಂತ ನಿಮ್ಮ ಅತ್ತೆ ಫೋನಿನಲ್ಲಿ ಅಂದರಂತೆ. ಅವರು ಕಾರ್ತಿಕ ಪೂರ್ತಿ ಬಾಗಿಲಲ್ಲಿ ದೀಪ ಇಡುವವರೇ ಇರಬೇಕು. ಡಿಸೆಂಬರ್ ಮಧ್ಯಕ್ಕೆ ಧನುರ್ಮಾಸ ಬರುತ್ತದೆ, ನಮ್ಮವರು ಆ ಚಳಿಯಲ್ಲಿ ಬೆಳಕು ಹರಿಯುವ ಮೊದಲೇ ಎದ್ದು ದೇವಸ್ಥಾನಕ್ಕೆ ಹೋಗಿ ಬಿಸಿ ಹುಗ್ಗಿ ತಿಂದು ಬರುತ್ತಾರೆ. ಅತ್ತೆಗೆ ಇದನ್ನು ನೆನಪಿಸಿ. ಜಗಳ ಬೇಡ. ಕಷಾಯದ ಅಳತೆ ಅವರನ್ನೇ ಕೇಳಿ, ಅರ್ಧ ಕೋಪ ಅಲ್ಲೇ ಇಳಿಯುತ್ತದೆ.

ಒಂದು ಎಚ್ಚರಿಕೆ. 24ರ ಮಧ್ಯಾಹ್ನದಿಂದ 26ರವರೆಗೆ ಅಲ್ಲಿ ಅಂಗಡಿ ಎಲ್ಲ ಮುಚ್ಚಿ, ಜನ ಅವರವರ ಮನೆ ಸೇರಿಬಿಡುತ್ತಾರೆ. ಹೊರಗಿನಿಂದ ಹೋದವರಿಗೆ ತುಂಬಾ ಭಾರವಾಗುವ ದಿನಗಳು ಇವೇ. ಕನ್ನಡದವರ ಗುಂಪಿಗೆ ಈಗಲೇ ಒಂದು ಮೆಸೇಜ್ ಹಾಕಿ: 25ಕ್ಕೆ ನಮ್ಮ ಮನೆಯಲ್ಲಿ ಬಿಸಿಬೇಳೆಬಾತ್, ಯಾರು ಬರ್ತೀರಿ? ನಿಮ್ಮ ಹಾಗೇ ಯಾರಾದರೂ ಕರೆಯಲಿ ಅಂತ ಕಾಯುತ್ತಿರುವವರು ಅಲ್ಲಿ ಇರದೇ ಇರುವುದಿಲ್ಲ. ರಾತ್ರಿ ಯಾವತ್ತಾದರೂ ತಡೆಯೋಕೇ ಆಗದಿದ್ದರೆ ಟೆಲಿಫೋನ್‌ಜೇಲ್‌ಜೋರ್ಗೆ ಸಹಾಯವಾಣಿ ಇದೆ, 0800 1110111. ದಿನದ 24 ಗಂಟೆಯೂ ಎತ್ತುತ್ತಾರೆ, ದುಡ್ಡಿಲ್ಲ, ಹೆಸರು ಹೇಳಬೇಕಾಗಿಲ್ಲ. ಜರ್ಮನ್ ತಡವರಿಸಿದರೂ ಪರವಾಗಿಲ್ಲ, ಮಾಡಿ.

ಅಂದ ಹಾಗೆ, ನಿಮ್ಮ ಊರಿನಲ್ಲಿ ಸೂರ್ಯ ಅತಿ ಬೇಗ ಮುಳುಗುವುದು ಡಿಸೆಂಬರ್ 21ಕ್ಕಲ್ಲ, ಅದಕ್ಕೂ ಸುಮಾರು ಒಂದು ವಾರ ಮೊದಲು. ಆಮೇಲೆ ಬೆಳಗು ಇನ್ನೂ ತಡವಾಗುತ್ತಾ ಹೋದರೂ ಸಂಜೆ ಮಾತ್ರ ನಿಮಿಷ ನಿಮಿಷವಾಗಿ ಆಚೆಗೆ ಸರಿಯುತ್ತದೆ. ಸಂಜೆಯೇ ನಿಮ್ಮ ಕಷ್ಟ ಅಂದಿದ್ದಕ್ಕೆ ಹೇಳಿದೆ.

ಯಾವ ತಾರೀಖು ಸಿಕ್ಕಿತು, ಕಷಾಯ ಯಾರ್‍ಯಾರು ಕುಡಿದರು, ಬರೆಯಿರಿ.

— ಸಂ.