ಆಟ, ನಾಟಕ, ಎನ್‌ಎಸ್‌ಎಸ್‌ನಲ್ಲಿ ಇದ್ದರೆ ಕಾಲೇಜು ಸ್ಕಾಲರ್‌ಶಿಪ್‌ಗೆ ನಿಜಕ್ಕೂ ಉಪಯೋಗ ಆಗುತ್ತಾ?

ಆಗುತ್ತದೆ, ಆದರೆ ಎಲ್ಲ ಸ್ಕಾಲರ್‌ಶಿಪ್‌ಗೂ ಅಲ್ಲ. ರಾಜ್ಯ ಸರ್ಕಾರದ ಸ್ಕಾಲರ್‌ಶಿಪ್ ವೆಬ್‌ಸೈಟ್ ಆದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಹಾಕುವ ಅರ್ಜಿಗೆ ಮುಖ್ಯವಾಗಿ ಬೇಕಾಗುವುದು ಜಾತಿ, ಆದಾಯ, ಅಂಕಗಳ ದಾಖಲೆ. ವಿಜಯಪುರದಲ್ಲಿ ನೀವು ಎಷ್ಟು ಸೈಕಲ್ ರೇಸ್ ಗೆದ್ದಿರಿ ಅಂತ ಅಲ್ಲಿ ಯಾರೂ ಕೇಳುವುದಿಲ್ಲ. ಅದು ಲೆಕ್ಕಕ್ಕೆ ಬರುವುದು ಟ್ರಸ್ಟ್‌ಗಳು, ಕಂಪನಿಗಳು, ಖಾಸಗಿ ವಿಶ್ವವಿದ್ಯಾಲಯಗಳು ಸಂದರ್ಶನ ಮಾಡಿ ಕೊಡುವ ಕಡೆ.

ಕಾರಣ ಸರಳ. ಅಲ್ಲಿ ಅರ್ಜಿ ಹಾಕಿದ ಬಹಳ ಜನರ ಅಂಕ ಹೆಚ್ಚುಕಡಿಮೆ ಒಂದೇ. 94 ಬಂದವರಿಗೂ 95 ಬಂದವರಿಗೂ ಏನು ಫರಕ್, ಹೇಳಿ? ಆಗ ಆಯ್ಕೆ ಮಾಡುವವರು ನೋಡುವುದು, ಈ ಹುಡುಗಿ ಯಾರ ಒತ್ತಾಯವೂ ಇಲ್ಲದೆ ಒಂದು ಕೆಲಸ ಹಿಡಿದು ಕೊನೆ ಮುಟ್ಟಿಸಿದ್ದಾಳಾ ಅಂತ, ಯಾಕೆಂದರೆ ದುಡ್ಡು ಕೊಟ್ಟ ಮೇಲೆ ಆಕೆ ಡಿಗ್ರಿ ಅರ್ಧಕ್ಕೆ ಬಿಡಬಾರದು ಅನ್ನುವುದು ಅವರ ಚಿಂತೆ.

ಹಾಗಾಗಿ ಹತ್ತು ಸರ್ಟಿಫಿಕೇಟ್‌ಗಿಂತ ಎರಡು ಮೂರು ವರ್ಷ ಬಿಡದೆ ಮಾಡಿದ ಒಂದೇ ಕೆಲಸ ಜಾಸ್ತಿ ತೂಗುತ್ತದೆ. ಬಾಗಲಕೋಟೆ ಕಡೆಯ ಹಳ್ಳಿಯಲ್ಲಿ ಭಾನುವಾರ ಮಕ್ಕಳಿಗೆ ಗಣಿತ ಹೇಳಿಕೊಟ್ಟಿದ್ದೀರಾ? ಎಷ್ಟು ಮಕ್ಕಳು, ಏನು ಬದಲಾಯಿತು ಅಂತ ಬರೆಯಿರಿ, ಆ ಶಾಲೆಯ ಹೆಡ್‌ಮಾಸ್ತರರಿಂದ ಒಂದು ಪತ್ರ ತೆಗೆದುಕೊಳ್ಳಿ. ಸುಮ್ನೆ 'ಸಮಾಜಸೇವೆಯಲ್ಲಿ ಆಸಕ್ತಿ' ಅಂದರೆ ಯಾರೂ ನಂಬುವುದಿಲ್ಲ.

ಎನ್‌ಸಿಸಿ, ಸ್ಕೌಟ್ಸ್, ಕ್ರೀಡೆಗೆ ಸಿಇಟಿಯಲ್ಲಿ ಬೇರೆ ಕೋಟಾ ಇದೆ, ಆದರೆ ಅದು ಸೀಟಿಗೆ, ಹಣಕ್ಕಲ್ಲ. ಇನ್ನೊಂದು, ಅಂಕದ ಕಟ್‌ಆಫ್ ಇದ್ದಲ್ಲಿ ಅದನ್ನು ಮೊದಲು ದಾಟಲೇಬೇಕು. ಪ್ರಾಕ್ಟೀಸ್ ಇದೆ ಅಂತ ಪ್ರಿಪರೇಟರಿ ಪರೀಕ್ಷೆ ತಪ್ಪಿಸಬೇಡಿ.